ಕಂಬಳಿ ಹೊತ್ತು ಏಡನ್ನಿಗೆ

ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಸೋಲಾಪುರದ ಬಸ್ಸು ಹತ್ತಿದಾಗ ಬೆಳಗಿನ ಏಳು ಗಂಟೆ. ನನ್ನ ಹತ್ತಿರ ಒಂದು ತಗಡಿನ ಟ್ರಂಕು, ಸಜ್ಜೆ ರೊಟ್ಟಿಯ ಗಂಟು, ಹೆಗಲ ಮೇಲೆ ಹೊಸದೊಂದು ಕರಿ ಕಂಬಳಿ ಇದ್ದವು. ಯುಗಾದಿ ಮುಗಿದು ಒಂದು ತಿಂಗಳ ಮೇಲೆ ಎಂಟು ದಿನವಾಗಿತ್ತು, ಬಿಸಿಲು ಆಗಲೇ ಮೈ ಸುಡುತ್ತಿತ್ತು. ಎಲ್ಲಿಗೆ ಹೊರಟಿ ಎಂದು ಕಂಡಕ್ಟರು ಮರಾಠಿಯಲ್ಲಿ ಕೇಳಿದ. ಏಡನ್ನಿಗೆ ಎಂದೆ. ಅದು ಎಲ್ಲಿದೆ ಎಂದ. ಸಮುದ್ರದ ಆಚೆ, ಅರಬರ ದೇಶದಲ್ಲಿ, ಅಲ್ಲಿ ಇಲ್ಲಿಗಿಂತ ಹೆಚ್ಚು ಸೆಕೆ ಎಂದೆ. ಅವನು ನನ್ನ ಕಂಬಳಿ ನೋಡಿದ, ನನ್ನ ಮುಖ ನೋಡಿದ, ಟಿಕೆಟು ಹರಿದು ಕೊಟ್ಟ. ಇಪ್ಪತ್ತನಾಲ್ಕು ಮೈಲಿಗೆ ಒಂದು ರೂಪಾಯಿ ಚಿಲ್ಲರೆ.

ಕಂಬಳಿ ನನ್ನದಲ್ಲ. ಅದು ನನ್ನ ಅಣ್ಣ ಸಿದ್ದಪ್ಪನದು. ಅಣ್ಣ ಯುದ್ಧದ ಕಾಲದಲ್ಲಿ ಪಲ್ಟಣಿಗೆ ಸೇರಿದ. ಕುರಿ ಕಾಯ್ದ ಕೈ ಎಂದು ಅವನನ್ನು ಹೇಸರಗತ್ತೆಗಳ ಕೆಲಸಕ್ಕೆ ಹಾಕಿ ಏಡನ್ನಿಗೆ ಕಳಿಸಿದರು. ಯುದ್ಧ ಮುಗಿಯಿತು, ಸುತ್ತಲಿನ ಹಳ್ಳಿಯವರೆಲ್ಲ ಮರಳಿ ಬಂದರು, ಅವನು ಬರಲಿಲ್ಲ. ಅವನು ತಾನೇ ಕೇಳಿ ಅಲ್ಲಿಯೇ ಬಿಡುಗಡೆ ಪಡೆದನೆಂದು ಸರಕಾರದ ಒಂದು ಕಾಗದ ಬಂತು. ಆಮೇಲೆ ಕಾಗದವೂ ಇಲ್ಲ, ಸುದ್ದಿಯೂ ಇಲ್ಲ. ಅವ್ವ ಹಾದಿ ನೋಡಿ ನೋಡಿ ತೀರಿಕೊಂಡಳು. ಮನೆಯಲ್ಲಿ ಉಳಿದವರು ನಾನು ಮತ್ತು ಅಣ್ಣನ ಹೆಂಡತಿ, ನಮ್ಮ ಹೊನ್ನವ್ವ ವೈನಿ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಮನೆ ಬಿಟ್ಟು ಹೋದವನು ಹನ್ನೆರಡು ವರ್ಷವಾದರೂ ಮರಳದೆ, ಎಲ್ಲಿದ್ದಾನೆಂದೂ ತಿಳಿಯದಿದ್ದರೆ ಅವನು ಸತ್ತನೆಂದೇ ಲೆಕ್ಕ. ಹಿಟ್ಟಿನ ಗೊಂಬೆ ಮಾಡಿ ಮಣ್ಣಿಗಿಡುತ್ತಾರೆ, ಹೆಂಡತಿಯ ಕುಂಕುಮ ಅಳಿಸಿ ಬಳೆ ಒಡೆಯುತ್ತಾರೆ. ವೈಶಾಖದ ಕೊನೆಗೆ ಬರುವ ಬಾದಾಮಿ ಅಮಾವಾಸ್ಯೆಗೆ ಅಣ್ಣ ಹೋಗಿ ಹನ್ನೆರಡು ವರ್ಷ ತುಂಬುತ್ತಿತ್ತು. ಹಿರಿಯರು ಆ ದಿನವನ್ನೇ ಗೊತ್ತುಮಾಡಿದ್ದರು. ವೈನಿ ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಅಷ್ಟರಲ್ಲಿ ಹಡಗಿನ ನೌಕರಿಯಿಂದ ಬಂದ ಮಂಗಳವೇಢೆಯ ಕಡೆಯವನೊಬ್ಬ ಹೋಟಗಿ ಸ್ಟೇಶನ್ನಿನಲ್ಲಿ ನನಗೆ ಸಿಕ್ಕ. ಏಡನ್ನಿನ ದಂಡಿನ ಗೇಟಿನ ಹತ್ತಿರ ಹಳೆ ಸಾಮಾನು ಮಾರುವ ಒಬ್ಬನನ್ನು ಕಂಡಿದ್ದೇನೆ, ಗುಣುಗುಣು ಕನ್ನಡದಲ್ಲಿ ಹಾಡುತ್ತಿದ್ದ, ಹೆಸರು ಕೇಳಲಿಲ್ಲ ಎಂದ. ನಾನು ಅದನ್ನು ಮನೆಗೆ ಬಂದು ಹೇಳಿದ ದಿನವೇ ವೈನಿ ಉಣ್ಣೆ ಹಿಂಜಲು ಕುಳಿತಳು.

ಸೋಲಾಪುರದಲ್ಲಿ ನಾನು ಕೆಲಸ ಮಾಡುವುದು ಚಾದರದ ಒಬ್ಬ ಸಾವ್ಕಾರರ ಅಂಗಡಿಯಲ್ಲಿ. ಏಡನ್ನಿನಲ್ಲಿ ಇಂಗ್ಲಿಷರ ದೊಡ್ಡ ದಂಡಿದೆ, ದಿನಾ ಹಡಗುಗಳು ನಿಲ್ಲುತ್ತವೆ, ಅಲ್ಲಿ ಸೋಲಾಪುರಿ ಚಾದರ ಹೋದೀತು ಎಂಬುದು ಅವರ ಆಸೆ. ನಮೂನೆಯ ಗಂಟಿನೊಂದಿಗೆ ಯಾರನ್ನಾದರೂ ಕಳಿಸಬೇಕೆಂದು ಅವರು ಆಲೋಚಿಸುತ್ತಿದ್ದಾಗ ನಾನೇ ಹೋಗುತ್ತೇನೆಂದು ಮುಂದೆ ಬಿದ್ದೆ. ಕಾರಣ ಹೇಳಿದೆ. ಸಾವ್ಕಾರರು ಪಾಸಪೋರ್ಟಿನ ಖಟಪಟಿ ತಾವೇ ನೋಡಿಕೊಳ್ಳುವುದಾಗಿ ಹೇಳಿದರು.

ಏಡನ್ನಿನಲ್ಲಿ ಜಕಾತಿ ಇಲ್ಲ, ಎಲ್ಲ ವಿಲಾಯತಿ ಸಾಮಾನು ಅಗ್ಗ ಎಂಬುದು ಪೇಟೆಗೆಲ್ಲ ಗೊತ್ತಿತ್ತು. ಹೀಗಾಗಿ ಹೊರಡುವ ದಿನ ನನ್ನ ಕಿಸೆ ಚೀಟಿಗಳಿಂದ ತುಂಬಿತು. ಸಾವ್ಕಾರರಿಗೆ ಕೈಗಡಿಯಾರ, ಅವರ ಮಗಳಿಗೆ ರೇಶಿಮೆ, ಅಂಗಡಿಯ ಲೆಕ್ಕ ಬರೆಯುವ ಮುನೀಮರಿಗೆ ಸೀಸದ ಕಡ್ಡಿ ಬೇಡವಂತೆ, ಶಾಯಿ ತುಂಬುವ ಪೆನ್ನೇ ಬೇಕಂತೆ. ಊರ ಗೌಡರು ಮೂರು ಸೆಲ್ಲಿನ ಬ್ಯಾಟರಿ ಕೇಳಿದ್ದರು. ಎಲ್ಲರೂ ತರುವುದಕ್ಕೆ ಹೇಳಿದರು, ಒಯ್ಯುವುದಕ್ಕೆ ಕೊಟ್ಟವಳು ವೈನಿ ಒಬ್ಬಳೇ. ಕಂಬಳಿಯನ್ನು ನನ್ನ ಹೆಗಲಿಗೆ ಹಾಕಿ, ಸಿಕ್ಕರೆ ಕೊಡು, ಸಿಗದಿದ್ದರೆ ತಿರುಗಿ ತಾ, ಸಮುದ್ರಕ್ಕೆ ಮಾತ್ರ ಹಾಕಬೇಡ ಎಂದಳು.

ಸೋಲಾಪುರದಿಂದ ಮುಂಬಯಿಯ ಮೇಲ್ ಗಾಡಿಯಲ್ಲಿ ಮೂರನೆಯ ದರ್ಜೆಯಲ್ಲಿ ಕೂತೆ ಎನ್ನುವುದಕ್ಕಿಂತ ಸಿಕ್ಕಿಕೊಂಡೆ ಎನ್ನಬೇಕು. ಮುನ್ನೂರು ಮೈಲಿಗೆ ಹತ್ತಿರದ ಹಾದಿ. ಮುಂಬಯಿಯಲ್ಲಿ ಎರಡು ದಿನ ಧರ್ಮಶಾಲೆಯಲ್ಲಿದ್ದು, ದೇವಿ ಬೇನೆಯ ಸೂಜಿ ಚುಚ್ಚಿಸಿಕೊಂಡು, ಕಾಗದಗಳಿಗೆ ನಾಲ್ಕು ಕಡೆ ಠಸ್ಸೆ ಹೊಡೆಸಿಕೊಂಡು ಹಡಗು ಹತ್ತಿದೆ. ಡೆಕ್ಕಿನ ಟಿಕೆಟು. ಅಂದರೆ ಮೇಲೆ ಆಕಾಶ, ಕೆಳಗೆ ಹಲಗೆ, ಮಧ್ಯದಲ್ಲಿ ನಾವು. ಆರು ದಿನದಲ್ಲಿ ಮೊದಲ ಮೂರು ದಿನ ನಾನು ಉಂಡದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಗುಜರಾತದ ಒಬ್ಬ ಮುದುಕ ನಿಂಬೆಹಣ್ಣು ಕೊಟ್ಟು ಬದುಕಿಸಿದ. ಕಂಬಳಿ ಹಾಸಿಕೊಂಡು ಮಲಗು, ಹಲಗೆ ಸುಡುವುದಿಲ್ಲ ಎಂದು ಅವನು ಹೇಳಿದ. ಇದು ಬೇರೆಯವರ ಕಂಬಳಿ ಎಂದೆ.

ಏಳನೆಯ ಬೆಳಿಗ್ಗೆ ಏಡನ್ ಕಂಡಿತು. ಹಸಿರೆಂಬುದು ಒಂದು ಚೂರೂ ಇಲ್ಲದ ಸುಟ್ಟ ಗುಡ್ಡಗಳು, ಅವುಗಳ ಬುಡದಲ್ಲಿ ಬಿಳಿ ಮನೆಗಳು. ನಮ್ಮ ಸೀಮೆಯ ಬರಿ ಹೊಲ ನೋಡಿ ಬೆಳೆದ ನಾನೂ ಇಷ್ಟು ಬೋಳು ನೆಲ ಕಂಡಿರಲಿಲ್ಲ. ಇಲ್ಲಿ ಕುರಿ ಏನು ತಿನ್ನುತ್ತದೆ ಎಂಬುದೇ ನನ್ನ ಮೊದಲ ಯೋಚನೆ. ಸ್ಟೀಮರ್ ಪಾಯಿಂಟ್ ಎಂಬಲ್ಲಿ ದೋಣಿಯಿಂದ ಇಳಿದೆ. ಸಾವ್ಕಾರರ ಪರಿಚಯದ ಒಬ್ಬ ಹಿಂದುಸ್ತಾನಿ ವ್ಯಾಪಾರಿಯ ಗೋದಾಮಿನಲ್ಲಿ ಮಲಗಲು ಜಾಗ ಸಿಕ್ಕಿತು. ನಾಲ್ಕು ದಿನಕ್ಕೆ ಮರಳುವ ಹಡಗು ಇತ್ತು. ಅದು ತಪ್ಪಿದರೆ ಮುಂದಿನದು ಅಮಾವಾಸ್ಯೆಯ ಆಚೆಗೆ.

ಅಲ್ಲಿನ ಪೇಟೆಯನ್ನು ಹೇಳಲೇಬೇಕು. ಹಡಗುಕಟ್ಟೆಯಿಂದ ದಂಡಿನ ಕಡೆಗೆ ಹೋಗುವ ರಸ್ತೆಯ ಎರಡೂ ಬದಿಗೆ ಅಂಗಡಿಗಳು. ಗಡಿಯಾರ, ಕ್ಯಾಮೆರಾ, ದುರ್ಬೀನು, ರೇಡಿಯೋ, ಜಪಾನಿನ ರೇಶಿಮೆ. ಸಂಜೆಯಾಗುತ್ತಲೇ ಕೆಂಪು ಮುಖದ ಗೋರಾ ಸಿಪಾಯಿಗಳು ಅರ್ಧ ಚಡ್ಡಿಯಲ್ಲಿ ಗುಂಪುಗುಂಪಾಗಿ ಬರುತ್ತಿದ್ದರು. ಅವರಿಗೊಂದು ಬೆಲೆ, ಹಡಗಿನವರಿಗೊಂದು, ನಮ್ಮಂಥವರಿಗೊಂದು. ಹೊಸದಾಗಿ ಶಿಲಿಂಗಿನ ಚಲಾವಣೆ ಬಂದಿದ್ದರೂ ಹಳಬರು ಇನ್ನೂ ರೂಪಾಯಿಯ ಲೆಕ್ಕದಲ್ಲೇ ಮಾತಾಡುತ್ತಿದ್ದರು. ನಾನು ಸಂತೆಯಲ್ಲಿ ಹುಟ್ಟಿದವನು, ಚೌಕಾಶಿ ನನ್ನ ರಕ್ತದಲ್ಲಿದೆ. ಸಾವ್ಕಾರರ ಗಡಿಯಾರವನ್ನು ಹೇಳಿದ್ದರ ಅರ್ಧಕ್ಕೆ ತಂದೆ. ಮುಂದಿನ ಅಂಗಡಿಯಲ್ಲಿ ಅದನ್ನೇ ಇನ್ನೂ ಕಡಿಮೆಗೆ ಕೊಡುತ್ತಿದ್ದುದು ಕಂಡು ನನ್ನ ಜಂಬ ಇಳಿಯಿತು.

ಮೊದಲ ಎರಡು ದಿನ ಚಾದರ ತೋರಿಸುತ್ತ, ಚೀಟಿಯ ಸಾಮಾನು ಕೊಳ್ಳುತ್ತ, ಅಂಗಡಿ ಅಂಗಡಿಗೂ ಅಣ್ಣನನ್ನು ಕೇಳಿದೆ. ಸೋಲಾಪುರದ ಕಡೆಯ ಸಿದ್ದಪ್ಪ, ಎತ್ತರದ ಆಳು, ಹೇಸರಗತ್ತೆಯ ಪಲ್ಟಣಿಯಲ್ಲಿದ್ದ. ಎಲ್ಲರೂ ಇಲ್ಲವೆಂದು ತಲೆಯಾಡಿಸಿದರು. ದಂಡಿನ ಗೇಟಿನಲ್ಲಿದ್ದ ಒಬ್ಬ ಮಲಬಾರಿ ಕಾರಕೂನ ಮಾತ್ರ ಸ್ವಲ್ಪ ಯೋಚಿಸಿ, ಬಿಡುಗಡೆಯಾದ ಕೆಲವರು ಹಿಂದಿನ ಓಣಿಯಲ್ಲಿ ದಂಡಿನ ಹಳೆ ಸಾಮಾನು ಮಾರುತ್ತಾರೆ, ಅಲ್ಲಿ ನೋಡು ಎಂದ.

ಮೂರನೆಯ ದಿನ ಮಧ್ಯಾಹ್ನದ ಮೇಲೆ ಆ ಓಣಿಗೆ ಹೋದೆ. ಏಡನ್ನಿನ ನಿಜವಾದ ಅಗ್ಗ ಅಲ್ಲಿತ್ತು. ಸಿಪಾಯಿಗಳ ಬೂಟು, ನೀರಿನ ಬಾಟಲಿ, ಸೊಳ್ಳೆ ಪರದೆ, ಹಳೆ ಜರ್ಸಿ, ಗುಂಡಿ ಕಿತ್ತ ಕೋಟು ಎಲ್ಲ ರಾಶಿ ಬಿದ್ದಿದ್ದವು. ಕೊನೆಯಿಂದ ಎರಡನೆಯ ಅಂಗಡಿಯಲ್ಲಿ ಗಡ್ಡದ ಒಬ್ಬ ದಪ್ಪ ಮನುಷ್ಯ ಕೂತಿದ್ದ. ಅರಬರ ಹಾಗೆ ಗೆರೆಯ ಲುಂಗಿ, ತಲೆಗೆ ಸುತ್ತಿದ ವಸ್ತ್ರ. ಹಿಂದುಗಡೆ ಒಂದು ಪರದೆ, ಅದರ ಆಚೆ ಅಡುಗೆಯ ವಾಸನೆ. ಅಣ್ಣ ಸಣಕಲು ಆಳು, ಗಡ್ಡ ಬಿಟ್ಟವನಲ್ಲ. ಕೇಳುವುದರಲ್ಲಿ ಅರ್ಥವಿಲ್ಲವೆಂದು ಮುಂದೆ ಹೋಗುತ್ತಿದ್ದೆ. ಆದರೆ ಅವನ ಹಲಗೆಯ ಮೇಲೆ ಒಂದು ಅಲಾರಾಮಿನ ಗಡಿಯಾರವಿತ್ತು. ವೈನಿ ಏನೂ ಕೇಳಿರಲಿಲ್ಲ. ಅವಳಿಗೆ ಏನಾದರೂ ಒಯ್ಯಬೇಕೆಂದು ನಿಂತೆ.

ಅವನು ಹಿಂದುಸ್ತಾನಿಯಲ್ಲಿ ಇಪ್ಪತ್ತು ಎಂದ. ನಾನು ಹತ್ತು ಎಂದೆ. ಪಕ್ಕದಲ್ಲಿ ಇಬ್ಬರು ಹಡಗಿನವರು ಅದೇ ಗಡಿಯಾರದ ಮೇಲೆ ಕಣ್ಣಿಟ್ಟು ನಿಂತಿದ್ದರು. ನನ್ನ ಬೆಲೆ ಅವರಿಗೆ ಕೇಳಿಸಬಾರದೆಂದು ನಾನು ಒಂದು ಹುಚ್ಚು ಕೆಲಸ ಮಾಡಿದೆ. ಹೆಗಲ ಕಂಬಳಿಯ ಸೆರಗನ್ನು ಹಲಗೆಯ ಮೇಲೆ ಚೆಲ್ಲಿ ಅದರ ಕೆಳಗೆ ಕೈ ಇಟ್ಟೆ.

ಇಲ್ಲಿ ನಮ್ಮ ಕಡೆಯ ರೂಢಿಯನ್ನು ಹೇಳದಿದ್ದರೆ ಓದುವವರಿಗೆ ತಿಳಿಯಲಿಕ್ಕಿಲ್ಲ. ಅಕ್ಕಲಕೋಟದ ಸಂತೆಯಲ್ಲಿ ನಾವು ಕುರಿಯ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಕೊಳ್ಳುವವನೂ ಮಾರುವವನೂ ಕಂಬಳಿಯ ಕೆಳಗೆ ಕೈ ಹಿಡಿಯುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು ಐದು ರೂಪಾಯಿ, ಬೆರಳಿನ ಗೆಣ್ಣು ಒತ್ತಿದರೆ ಅದರ ಅರ್ಧ. ಬೆಲೆ ಒಪ್ಪಿಗೆಯಾದರೆ ಕೊಳ್ಳುವವನು ಮಾರುವವನ ಕಿರುಬೆರಳನ್ನು ಎರಡು ಸಲ ಒತ್ತಬೇಕು. ಅದು ನಮ್ಮ ಕುಲದೈವ ಬೀರೋಬನ ಪಾಲು, ದೇವರ ಸಾಕ್ಷಿ. ಮಾರುವವನು ತಿರುಗಿ ಒಂದು ಸಲ ಒತ್ತಿದರೆ ಸವದಾ ಮುಗಿಯಿತು. ಒತ್ತದೆ ಕೈ ಹೊರಗೆ ಎಳೆದರೆ ಮುರಿಯಿತು. ಎಳೆದವನು ಆಮೇಲೆ ತಿರುಗಿ ಬಂದರೂ ಅವನಿಗೆ ಆ ಸವದಾದಲ್ಲಿ ಮತ್ತೆ ಮಾತಿಲ್ಲ. ಬಾಯಿ ಸುಳ್ಳಾಡೀತು, ಕಂಬಳಿಯ ಕೆಳಗಿನ ಕೈ ಆಡುವುದಿಲ್ಲ ಎಂದು ನಮ್ಮ ಹಿರಿಯರ ಮಾತು. ಕೈಯ ಲೆಕ್ಕ ಬೇರೆ ಕಡೆಯೂ ಇರಬಹುದು. ಕಿರುಬೆರಳಿನದು ನಮ್ಮ ಸೀಮೆಯಲ್ಲಿ ಬಿಟ್ಟು ಬೇರೆಲ್ಲೂ ನಾನು ಕೇಳಿಲ್ಲ.

ಪರದೇಶದ ಅಂಗಡಿಯವನಿಗೆ ಇದೆಲ್ಲ ಹೇಗೆ ತಿಳಿಯಬೇಕು ಎಂಬ ಯೋಚನೆ ನನಗೆ ಬಂದದ್ದು ಕೈ ಇಟ್ಟ ಮೇಲೆ. ತೆಗೆಯಬೇಕೆನ್ನುವಷ್ಟರಲ್ಲಿ ಅವನ ಕೈ ಬಂತು. ಮೂರು ಬೆರಳು ಹಿಡಿದು, ನಾಲ್ಕನೆಯದರ ಗೆಣ್ಣು ಒತ್ತಿದ. ನಾನು ಎರಡು ಹಿಡಿದೆ. ಅವನು ಒಂದು ಗೆಣ್ಣು ಇಳಿದ, ನಾನು ಒಂದು ಏರಿದೆ. ಕೈಗಳು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಿದ್ದವು. ಬೆಲೆ ಕೂಡಿತು. ನಾನು ರೂಢಿಯಂತೆ ಅವನ ಕಿರುಬೆರಳನ್ನು ಎರಡು ಸಲ ಒತ್ತಿದೆ.

ಅವನು ತಿರುಗಿ ಒತ್ತಲಿಲ್ಲ. ನನ್ನ ಐದೂ ಬೆರಳು ಸೇರಿಸಿ ಗಟ್ಟಿಯಾಗಿ ಹಿಡಿದ. ಯಾವ ಲೆಕ್ಕದಲ್ಲೂ ಅಂಥ ಹಿಡಿತವಿಲ್ಲ. ಆಗ ನನ್ನ ಅಂಗೈಗೆ ಅವನ ಉಂಗುರದ ಬೆರಳು ತಾಗಿತು. ಅದು ಮಧ್ಯದಲ್ಲಿ ಸೊಟ್ಟಗಿತ್ತು. ನಾನು ಎಂಟು ವರ್ಷದವನಿದ್ದಾಗ ಟಗರು ಗುದ್ದಿ ಅಣ್ಣನ ಬೆರಳು ಮುರಿದಿತ್ತು, ಅವ್ವ ಬಿದಿರಿನ ಸೀಳು ಕಟ್ಟಿದ್ದಳು, ಅದು ಸೊಟ್ಟಗೇ ಕೂಡಿಕೊಂಡಿತ್ತು. ನಾನು ಮುಖ ಎತ್ತಿ ನೋಡಿದೆ. ಅವನು ನನ್ನನ್ನು ನೋಡಲಿಲ್ಲ. ಕಂಬಳಿಯ ಅಂಚನ್ನೇ ನೋಡುತ್ತಿದ್ದ. ವೈನಿ ಅಂಚಿಗೆ ಯಾವಾಗಲೂ ಬಿಳಿ ಉಣ್ಣೆಯ ಮೂರು ಎಳೆ ಹಾಕುತ್ತಾಳೆ.

“ಅವ್ವ ಹೋದ್ಲು,” ಎಂದೆ. “ವೈನಿ ಅದಾಳ. ಈ ಕಂಬಳಿ ನಿನಗಂತ ಕೊಟ್ಟಾಳ. ಬಾದಾಮಿ ಅಮಾಸಿಗಿ ಆಕಿ ಬಳಿ ಒಡಿಯೂರದಾರ. ಬಾ ಅಣ್ಣಾ, ನಾಳಿಗಿ ಹಡಗ ಐತಿ.”

ಅವನ ಹಿಡಿತ ಇನ್ನೂ ಬಿಗಿಯಾಯಿತು. ಅಷ್ಟರಲ್ಲಿ ಪರದೆ ಸರಿಸಿಕೊಂಡು ಮೂರು ನಾಲ್ಕು ವರ್ಷದ ಒಂದು ಹೆಣ್ಣು ಮಗು ಓಡಿ ಬಂದು ಅಬ್ಬಾ ಅಬ್ಬಾ ಎಂದು ಅವನ ಕೊರಳಿಗೆ ಜೋತುಬಿತ್ತು. ಒಳಗಿನಿಂದ ಒಬ್ಬ ಹೆಂಗಸು ಅರಬಿಯಲ್ಲಿ ಏನೋ ಕರೆದಳು. ಮಗುವಿನ ಮೂಗು ನಮ್ಮ ಅವ್ವನ ಮೂಗು. ಅಣ್ಣ ಮಗುವನ್ನು ನೋಡಿದ, ಆಮೇಲೆ ಮೊದಲ ಸಲ ನನ್ನನ್ನು ನೋಡಿದ.

“ಮಾಳ್ಯಾ,” ಎಂದ, ಚಿಕ್ಕಂದಿನಲ್ಲಿ ನನ್ನನ್ನು ಕರೆಯುತ್ತಿದ್ದಂತೆ, ಹಡಗಿನವರಿಗೆ ಕೇಳಿಸದಷ್ಟು ಮೆಲ್ಲಗೆ. “ಸತ್ತಾನಂತ ಹೇಳು. ಆಕಿಗಿ ಅದ ಹಗೂರ.”

ಕೈ ಎಳೆದುಕೊಂಡ. ಗಡಿಯಾರ ಮಾರುವುದಿಲ್ಲವೆಂದು ಹಿಂದುಸ್ತಾನಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ, ಮಗುವನ್ನು ಎತ್ತಿಕೊಂಡು ಪರದೆಯ ಆಚೆ ಹೋದ. ಕಂಬಳಿಯನ್ನು ಹಲಗೆಯ ಮೇಲೆಯೇ ಬಿಟ್ಟು ಬಂದೆ. ಅವನದನ್ನು ಅವನಿಗೆ ಕೊಟ್ಟೆನೆಂದು ಸಮಾಧಾನ ಹೇಳಿಕೊಂಡೆ. ಸಿಟ್ಟು ಇನ್ನೂ ಬಂದಿರಲಿಲ್ಲ. ಅದು ಹಡಗಿನಲ್ಲಿ ಬಂತು.

ಮರುದಿನ ಹಡಗು ಹತ್ತುವ ಮೊದಲು ಮತ್ತೆ ಓಡಿದೆ. ಅಂಗಡಿಗೆ ಬೀಗ. ಪಕ್ಕದ ಕಹವೆ ಕಾಫಿಯ ಅಂಗಡಿಯವನು ನನ್ನನ್ನು ಗುರುತಿಸಿ ಒಂದು ಗಂಟು ಕೊಟ್ಟ. ಅದೇ ಕಂಬಳಿ. ನಮ್ಮ ಕುರುಬರು ಮಡಿಸುವಂತೆ ಗೊಂಡೆಗಳನ್ನು ಒಳಗೆ ಹಾಕಿ ನಾಲ್ಕು ಮಡಿಕೆ ಮಡಿಸಿತ್ತು. ಬಿಚ್ಚಿ ನೋಡಿದೆ. ಒಳಗೆ ಏನೂ ಇರಲಿಲ್ಲ.

ಮರಳುವ ಹಾದಿಯ ಆರು ದಿನ ಸಮುದ್ರ ಶಾಂತವಾಗಿತ್ತು, ನಾನು ಮಾತ್ರ ಹಾಗಿರಲಿಲ್ಲ. ಸಿಗಲಿಲ್ಲ ಎಂದರೆ ಹಿಟ್ಟಿನ ಗೊಂಬೆ ಸಿದ್ಧವಾಗುತ್ತದೆ. ಸತ್ತ ಎಂದರೂ ಅದೇ. ಇದ್ದಾನೆ, ಬೇರೆ ಸಂಸಾರ ಹೂಡಿದ್ದಾನೆ ಎಂದರೆ ಬಳೆ ಉಳಿಯುತ್ತದೆ, ಆದರೆ ಹತ್ತು ಜನರ ಮುಂದೆ ಅವಳ ಮುಖ ಏನಾಗಬೇಕು? ಹನ್ನೆರಡು ವರ್ಷ ಇನ್ನೊಬ್ಬರ ಹೊಲದಲ್ಲಿ ದುಡಿದು, ಮಾವನ ಮನೆಯ ದೀಪ ಆರದಂತೆ ನೋಡಿಕೊಂಡವಳು. ಕೊನೆಗೆ ಅಣ್ಣ ಹೇಳಿದ್ದೇ ಸರಿಯೆಂದುಕೊಂಡೆ. ಜ್ವರ ಬಂದು ತೀರಿಕೊಂಡ, ಹಿಂದುಸ್ತಾನಿ ಜನರೇ ಮಣ್ಣು ಮಾಡಿದರು, ನಾನು ಜಾಗ ನೋಡಿ ಬಂದೆ. ಈ ಮೂರು ಮಾತನ್ನು ಡೆಕ್ಕಿನ ಮೇಲೆ ದಿನಕ್ಕೆ ನೂರು ಸಲ ಅಂದುಕೊಂಡೆ. ಮುಂಬಯಿಯ ಜಕಾತಿಯವರು ಸಾವ್ಕಾರರ ಗಡಿಯಾರಕ್ಕೆ ಎಷ್ಟು ಕಿತ್ತರೆಂದರೆ ಅದು ಸೋಲಾಪುರದ ಬೆಲೆಗೇ ಬಂದು ನಿಂತಿತು. ಆ ಹೊತ್ತಿಗೆ ನನಗೆ ಅದರ ಪರಿವೆಯಿರಲಿಲ್ಲ. ಸೋಲಾಪುರದಲ್ಲಿ ಸಾವ್ಕಾರರು ನನ್ನ ಹೆಗಲಿನ ಕಂಬಳಿಯನ್ನು ನೋಡಿದವರೇ ಚಾದರದ ಸುದ್ದಿಯನ್ನೂ ಕೇಳದೆ, ಮೊದಲು ಮನಿಗಿ ಹೋಗು ಎಂದರು.

ಅಮಾವಾಸ್ಯೆಯ ಹಿಂದಿನ ದಿನ ಅಕ್ಕಲಕೋಟದಲ್ಲಿ ಬಸ್ಸಿಳಿದು ಐದು ಮೈಲಿ ನಡೆದು ಊರು ಸೇರಿದೆ. ವೈನಿ ಕಂಬಳಿಯನ್ನು ನೋಡಿದಳು. ಕಾಲಿಗೆ ನೀರು ಕೊಟ್ಟಳು, ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಏಡನ್ನಿನ ಸುದ್ದಿಯನ್ನು ನಾನು ಮರುದಿನಕ್ಕೆ ಇಟ್ಟುಕೊಂಡೆ. ಒಬ್ಬಳ ಮುಂದೆ ಸುಳ್ಳು ಹೇಳುವುದಕ್ಕಿಂತ ಹತ್ತು ಜನರ ಮುಂದೆ ಹೇಳುವುದು ಸುಲಭವೆಂದು ನನಗನಿಸಿತ್ತು.

ಮರುದಿನ ಬೆಳಿಗ್ಗೆ ಬೀರೋಬನ ಗುಡಿಯ ಕಟ್ಟೆಯ ಮೇಲೆ ಐದು ಜನ ಹಿರಿಯರು ಕೂತರು. ಗೊಂಬೆಯ ಹಿಟ್ಟು ಒಂದು ಬುಟ್ಟಿಯಲ್ಲಿತ್ತು. ವೈನಿ ಬೇವಿನ ಬುಡದಲ್ಲಿ ಹೆಂಗಸರ ಜೊತೆ ನಿಂತಿದ್ದಳು, ಹಣೆಯ ತುಂಬ ಕುಂಕುಮ, ಎರಡೂ ಕೈ ತುಂಬ ಹಸಿರು ಬಳೆ. ನಾನು ಎದ್ದು ನಿಂತು ಜ್ವರದ ಮಾತು ಶುರುಮಾಡಿದೆ. ಎರಡನೆಯ ಮಾತಿಗೆ ಬರುವಷ್ಟರಲ್ಲಿ ಅವಳು ಹೆಂಗಸರನ್ನು ಸರಿಸಿ ಮುಂದೆ ಬಂದಳು. ನನ್ನ ಹೆಗಲಿನ ಕಂಬಳಿಯನ್ನು ತಾನೇ ತೆಗೆದು ಕಟ್ಟೆಯ ಮೇಲೆ ಹಾಸಿ, ಅದರ ಕೆಳಗೆ ಕೈ ಇಟ್ಟಳು.

“ಇಲ್ಲಿ ಹೇಳು, ಮಾಳಪ್ಪ,” ಎಂದಳು.

ಗಂಡಸರು ಗೊಣಗಿದರು. ನಮ್ಮಲ್ಲಿ ಹೆಣ್ಣುಮಗಳು ಕಂಬಳಿಯ ಕೆಳಗೆ ಕೈ ಇಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಅವಳು ಕುರಿ ವ್ಯಾಪಾರಿಯ ಮಗಳು, ಈ ಭಾಷೆಯನ್ನು ತಂದೆಯ ತೊಡೆಯ ಮೇಲೆ ಕೂತು ಕಲಿತವಳು. ಬೇರೆ ದಾರಿಯಿರಲಿಲ್ಲ, ನಾನೂ ಕೈ ಇಟ್ಟೆ. ಅವಳ ಬೆರಳುಗಳು ತಣ್ಣಗಿದ್ದವು. ಬೆಲೆಯನ್ನು ಅವಳು ಕೇಳಲಿಲ್ಲ. ನೇರವಾಗಿ ನನ್ನ ಕಿರುಬೆರಳನ್ನು ಹಿಡಿದು ಎರಡು ಸಲ ಒತ್ತಿದಳು.

ತಿರುಗಿ ಒಂದು ಸಲ ಒತ್ತಿದ್ದರೆ ಸಾಕಿತ್ತು. ನಾನು ಆಡಿದ ಮಾತು ದೇವರ ಸಾಕ್ಷಿಯಾಗಿ ನಿಜವಾಗುತ್ತಿತ್ತು. ಆರು ದಿನ ಉರು ಹೊಡೆದ ಸುಳ್ಳು ಬಾಯಲ್ಲಿತ್ತು, ಕೈಗೆ ಇಳಿಯಲಿಲ್ಲ. ನಾನು ಅವಳ ಐದೂ ಬೆರಳನ್ನು ಸೇರಿಸಿ ಗಟ್ಟಿಯಾಗಿ ಹಿಡಿದೆ, ಅಣ್ಣ ನನ್ನದನ್ನು ಹಿಡಿದಂತೆ. ಅವಳ ಕಣ್ಣು ನನ್ನ ಮುಖದ ಮೇಲೆಯೇ ಇತ್ತು. ಆಮೇಲೆ ಅವನು ಎಳೆದುಕೊಂಡಂತೆಯೇ ಕೈ ಎಳೆದುಕೊಂಡೆ.

ಅವಳು ಅಳುತ್ತಾಳೆಂದು ನಾನು ಹೆದರಿದ್ದೆ. ಅವಳು ಕಂಬಳಿಯ ಕೆಳಗೆ ಒಂಟಿಯಾಗಿ ಉಳಿದ ತನ್ನ ಕೈಯ ಉಬ್ಬನ್ನು ನೋಡಿದಳು. ನಾನು ತೋರಿಸಿದ್ದು ಅಣ್ಣನ ಕೈಯೆಂದು ಅವಳಿಗೆ ತಿಳಿದಿತ್ತು. ಆಮೇಲೆ ಕೈ ತೆಗೆದು ಹಿರಿಯರ ಕಡೆ ತಿರುಗಿದಳು.

“ಸತ್ತಿಲ್ರಿ. ಕೈ ತಕ್ಕೊಂಡಾನ,” ಎಂದಳು. “ಬಳಿ ಒಡಿಯೂದು ಬ್ಯಾಡ, ಇನ್ ಹಾದಿ ನೋಡೂದೂ ಬ್ಯಾಡ. ಕೈ ತಗದಾಂವಗ ಮತ್ತ ಮಾತಿಲ್ಲ. ಇದು ನಿಮ್ಮದ ಕಾಯ್ದೆ ಐತ್ರಿ.”

ತಾವು ಹುಟ್ಟಿದಾಗಿನಿಂದ ಸಂತೆಯಲ್ಲಿ ನಡೆಸಿಕೊಂಡು ಬಂದ ಮಾತನ್ನು ಹಿರಿಯರು ಹೇಗೆ ಅಲ್ಲಗಳೆದಾರು? ಎಲ್ಲರಿಗಿಂತ ಮುದುಕನಾದ ಪೂಜಾರಿ ಅಜ್ಜ ಬುಟ್ಟಿಯ ಹಿಟ್ಟನ್ನು ಕುರಿಗಳಿಗೆ ಹಾಕಿರೆಂದು ಹೇಳಿ ಎದ್ದು ಹೋದ. ಅವನ ಹಿಂದೆ ಉಳಿದವರೂ ಎದ್ದರು. ಅಣ್ಣ ಎಲ್ಲಿದ್ದಾನೆ, ಯಾರ ಜೊತೆ ಇದ್ದಾನೆ ಎಂದು ವೈನಿ ಅವತ್ತು ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ. ಆ ಮಗುವಿನ ಮೂಗಿನ ವಿಷಯ ನನ್ನ ಹೊಟ್ಟೆಯಲ್ಲೇ ಇದೆ. ಇಲ್ಲಿ ಬರೆಯುವುದಕ್ಕೆ ಧೈರ್ಯ ಬಂದದ್ದು ಅವಳಿಗೆ ಓದು ಬರುವುದಿಲ್ಲವೆಂದು.

ಮುಂದಿನ ಸಂತೆಗೆ ನಾವಿಬ್ಬರೂ ಅಕ್ಕಲಕೋಟಕ್ಕೆ ಹೋದೆವು. ಸಮುದ್ರ ದಾಟಿ ಬಂದ ಆ ಕಂಬಳಿಯನ್ನು ಅವಳು ಮಾರಲೆಂದು ತನ್ನ ಮುಂದೆ ಹರವಿಕೊಂಡು ಕೂತಳು. ನಾನು ವ್ಯಾಪಾರ ಮಾಡುತ್ತೇನೆಂದರೆ ಬೇಡವೆಂದಳು. ದುಧನಿಯ ಕಡೆಯ ಒಬ್ಬ ಮುದುಕ ಬಂದು ಅಂಚಿನ ಮೂರು ಬಿಳಿ ಎಳೆಯನ್ನು ಮುಟ್ಟಿ ನೋಡಿ, ಹೆಂಗಸೆಂದು ಒಂದು ಕ್ಷಣ ಹಿಂದೆ ಮುಂದೆ ನೋಡಿ, ಕೊನೆಗೆ ಅದರ ಸೆರಗಿನ ಕೆಳಗೆ ಕೈ ಇಟ್ಟ. ಬಹಳ ಹೊತ್ತು ನಡೆಯಿತು. ಎಷ್ಟಕ್ಕೆ ಕೊಟ್ಟಳೋ ನನಗೆ ಕಾಣಿಸಲಿಲ್ಲ. ಮುದುಕನ ಕೈ ಎರಡು ಸಲ ಅಲುಗಿದ್ದು ಕಂಡಿತು. ಅವಳು ತಡಮಾಡಲಿಲ್ಲ, ಒಂದು ಸಲ ಒತ್ತಿದಳು.